ಆಫ್ ಮಾಡಿದ ‘ಅಡಾಸ್’: ಕಾರಿನ ಸ್ವಯಂಚಾಲಿತ ನೆರವನ್ನು ಚಾಲಕರು ಎಷ್ಟು ನಂಬಬೇಕು?

ಬೆಂಗಳೂರಿನಿಂದ ಮೈಸೂರಿಗೆ ಹೊಸ ಕಾರಿನಲ್ಲಿ ಹೊರಟವರ ಪಕ್ಕದ ಸೀಟಿನಲ್ಲಿ ಕುಳಿತು ಗಮನಿಸಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಊರೊಳಗಿನ ರಸ್ತೆಯಲ್ಲಿ ಇರುವಷ್ಟು ಹೊತ್ತೂ ಅವರು ಕಾರಿನ ಸ್ವಯಂಚಾಲಿತ ನೆರವನ್ನೆಲ್ಲ ಆಫ್ ಮಾಡಿಟ್ಟಿರುತ್ತಾರೆ. ಕೆಂಗೇರಿ ದಾಟಿ ಹೆದ್ದಾರಿಯ ಮುಖ್ಯ ಪಥ ಹತ್ತಿದ ಮೇಲೆ ಅದನ್ನು ಆನ್ ಮಾಡುತ್ತಾರೆ. ಮುಂದಿನ ವಾಹನದ ವೇಗಕ್ಕೆ ತಕ್ಕಂತೆ ಕಾರು ತಾನೇ ನಿಧಾನವಾಗುವುದನ್ನೂ ತಿರುವಿನಲ್ಲಿ ಸ್ಟಿಯರಿಂಗ್ ತಾನೇ ಮೆಲ್ಲನೆ ಹೊರಳುವುದನ್ನೂ ತೋರಿಸಿ ಸಂತೋಷಪಡುತ್ತಾರೆ. ರಾಮನಗರ ಬರುವಷ್ಟರಲ್ಲಿ ಅವರ ಗಮನ ಮಾತಿನ ಕಡೆಗೋ ಫೋನಿನ ಕಡೆಗೋ ಹರಿದಿರುತ್ತದೆ. ನಗರದಲ್ಲಿ ಯಂತ್ರವನ್ನು ಎಳ್ಳಷ್ಟೂ ನಂಬದಿದ್ದವರು ಒಂದು ಗಂಟೆಯೊಳಗೆ ಅದೇ ಯಂತ್ರವನ್ನು ಅದರ ಶಕ್ತಿಗೆ ಮೀರಿ ನಂಬಿರುತ್ತಾರೆ.

ಸ್ವಯಂಚಾಲನೆಯ ಬಗ್ಗೆ ನಡೆಯುವ ಸಮೀಕ್ಷೆಗಳು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆಯನ್ನು: ಜನ ಇದನ್ನು ಬಳಸಲು ಸಿದ್ಧರಿದ್ದಾರೆಯೇ? ಅಮೆರಿಕದ ವಾಹನ ಮಾಲೀಕರ ಸಂಘಟನೆಯಾದ ‘ಟ್ರಿಪಲ್ ಎ’ ಪ್ರತಿವರ್ಷ ನಡೆಸುವ ಸಮೀಕ್ಷೆಯ 2025ರ ಆವೃತ್ತಿಯಲ್ಲಿ, ಪೂರ್ತಿ ತಾನೇ ಓಡುವ ಕಾರಿನಲ್ಲಿ ಕೂರುವ ನಂಬಿಕೆ ತಮಗಿದೆ ಎಂದವರು ಶೇ. 13ರಷ್ಟು, ಹತ್ತರಲ್ಲಿ ಆರು ಮಂದಿ ಹೆದರಿಕೆಯಾಗುತ್ತದೆ ಎಂದಿದ್ದರು. ಕಾರು ಕಂಪನಿಗಳು ಇಂಥ ಅಂಕಿಯನ್ನು ಏರಿಸಬೇಕಾದ ಅಂಕಿಯೆಂದೇ ಭಾವಿಸುತ್ತವೆ. ನನಗೆ ಆ ಪ್ರಶ್ನೆಯೇ ಸರಿಯಾಗಿ ಕಾಣುವುದಿಲ್ಲ. ಬಳಸುವ ಮನಸ್ಸು ಹೆಚ್ಚಾಗಬೇಕೇ ಕಡಿಮೆಯಾಗಬೇಕೇ ಎಂಬುದು ಯಾವ ಸೌಲಭ್ಯ, ಯಾವ ರಸ್ತೆ, ಎಷ್ಟು ವೇಗ ಎಂಬುದನ್ನು ಅವಲಂಬಿಸಿದ ಮಾತು. ಇಂದು ನಮ್ಮ ರಸ್ತೆಗಳಲ್ಲಿ ನಡೆಯುತ್ತಿರುವುದನ್ನು ನೋಡಿದರೆ, ಜೀವ ಉಳಿಸುವ ಸಾಧ್ಯತೆ ಹೆಚ್ಚಿರುವ ಸೌಲಭ್ಯಗಳನ್ನು ನಾವು ಆಫ್ ಮಾಡುತ್ತಿದ್ದೇವೆ, ಹೆಚ್ಚು ಎಚ್ಚರ ಬೇಡುವ ಸೌಲಭ್ಯಗಳನ್ನು ಎಚ್ಚರವಿಲ್ಲದೆ ಆನ್ ಮಾಡುತ್ತಿದ್ದೇವೆ.

ಭಾರತದಲ್ಲಿ ಈ ಸೌಲಭ್ಯಗಳು ಬಂದು ಹೆಚ್ಚು ಕಾಲವಾಗಿಲ್ಲ. 2020ರಲ್ಲಿ ಎಂಜಿ ಗ್ಲೋಸ್ಟರ್, 2021ರಲ್ಲಿ ಮಹೀಂದ್ರಾ ಎಕ್ಸ್‌ಯುವಿ700 ಮತ್ತು ಎಂಜಿ ಆಸ್ಟರ್, 2022ರಲ್ಲಿ ಹೋಂಡಾ ಸಿಟಿ ಹೈಬ್ರಿಡ್, 2023ರಲ್ಲಿ ಟಾಟಾ ಹ್ಯಾರಿಯರ್ ಮತ್ತು ಸಫಾರಿ – ಹೀಗೆ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದ ಈ ತಂತ್ರಜ್ಞಾನ 2024ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಹೋಂಡಾ ಅಮೇಜ್‌ನ ಮೇಲಿನ ಮಾದರಿಯೊಂದಿಗೆ ಸುಮಾರು 10 ಲಕ್ಷ ರೂಪಾಯಿಯ ಕಾರಿಗೂ ತಲುಪಿತು. ಕ್ಯಾಮೆರಾ ಮತ್ತು ರಾಡಾರ್ ಬಳಸಿ ಚಾಲಕರಿಗೆ ನೆರವಾಗುವ ಈ ಇಡೀ ಗುಂಪಿಗೆ ‘ಅಡಾಸ್’ ಎಂಬ ಹೆಸರು ಶೋರೂಮಿನಿಂದ ಮನೆಮಾತಿಗೂ ಬಂದುಬಿಟ್ಟಿದೆ. ತೊಂದರೆ ಶುರುವಾಗುವುದು ಈ ಒಂದೇ ಹೆಸರಿನಿಂದ. ಏಕೆಂದರೆ ಅದರೊಳಗೆ ಸ್ವಭಾವದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಬಗೆಯ ಸಾಧನಗಳಿವೆ.

ಮೊದಲನೆಯ ಬಗೆ ಸುಮ್ಮನೆ ಕಾದು ಕುಳಿತಿರುತ್ತದೆ. ಚಾಲಕರು ಎಂದಿನಂತೆ ಕಾರು ಓಡಿಸುತ್ತಾರೆ. ಮುಂದೆ ಡಿಕ್ಕಿಯಾಗುವ ಲಕ್ಷಣ ಕಂಡರೆ ಮಾತ್ರ ಅದು ಕೂಗಿ ಎಚ್ಚರಿಸುತ್ತದೆ, ಆಗಲೂ ಅವರು ಬ್ರೇಕ್ ಒತ್ತದಿದ್ದರೆ ತಾನೇ ಒತ್ತುತ್ತದೆ. ತುರ್ತು ಬ್ರೇಕ್, ಲೇನ್ ತಪ್ಪಿದಾಗಿನ ಎಚ್ಚರಿಕೆ, ಕನ್ನಡಿಯಲ್ಲಿ ಕಾಣದ ಮೂಲೆಯಲ್ಲಿರುವ ವಾಹನದ ಸೂಚನೆ, ತೂಕಡಿಕೆಯ ಎಚ್ಚರಿಕೆ ಇವೆಲ್ಲ ಈ ಬಗೆಯವು. ಇಲ್ಲಿ ಮನುಷ್ಯ ಕೆಲಸ ಮಾಡುತ್ತಾನೆ, ಯಂತ್ರ ಕಾವಲಿರುತ್ತದೆ. ಎರಡನೆಯ ಬಗೆ ಇದಕ್ಕೆ ತದ್ವಿರುದ್ಧ. ಮುಂದಿನ ವಾಹನದಿಂದ ಅಂತರ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಮತ್ತು ಕಾರನ್ನು ಲೇನಿನ ನಡುವೆ ಹಿಡಿದಿಡುವ ಸ್ಟಿಯರಿಂಗ್ ನೆರವು ಸತತವಾಗಿ ಕೆಲಸ ಮಾಡುತ್ತವೆ. ಅವೆರಡೂ ಒಟ್ಟಿಗೆ ನಡೆಯುವಾಗ ಯಂತ್ರ ಕೆಲಸ ಮಾಡುತ್ತದೆ, ಮನುಷ್ಯ ಕಾವಲಿರಬೇಕಾಗುತ್ತದೆ. ಶೋರೂಮಿನವರು ‘ಲೆವೆಲ್ 2’ ಎಂದು ಹೇಳುವುದು ಇದನ್ನೇ. ಅಮೆರಿಕದ ವಾಹನ ತಂತ್ರಜ್ಞರ ಸಂಸ್ಥೆ ಎಸ್‌ಎಇ ರೂಪಿಸಿದ, ಸೊನ್ನೆಯಿಂದ ಐದರವರೆಗಿನ ಈ ವರ್ಗೀಕರಣದಲ್ಲಿ ಎರಡನೆಯ ಹಂತದವರೆಗೂ ಚಾಲನೆಯ ಹೊಣೆ ಸಂಪೂರ್ಣವಾಗಿ ಮನುಷ್ಯನದೇ. ಆದರೆ ಅಂಕಿ ಏರಿದಂತೆ ಕಾರು ಜಾಣವಾಗುತ್ತದೆ ಎಂದು ಕೊಳ್ಳುವವರು ಅರ್ಥಮಾಡಿಕೊಳ್ಳುತ್ತಾರೆ. ಒಂದನೆಯ ಲೆವೆಲ್‌ಗಿಂತ ಎರಡನೆಯದು ಹೆಚ್ಚು ಸುರಕ್ಷಿತವೆಂದು, ಪರೀಕ್ಷೆಯ ಅಂಕಪಟ್ಟಿಯನ್ನು ಓದಿದಂತೆ ಓದಿಕೊಳ್ಳುತ್ತಾರೆ.

ಈ ಎರಡು ಬಗೆಗಳಿಂದ ಆಗಿರುವ ಪ್ರಯೋಜನವನ್ನು ಅಳೆದವರಿದ್ದಾರೆ. ಅಮೆರಿಕದ ವಿಮಾ ಕಂಪನಿಗಳು ನಡೆಸುವ ಹೆದ್ದಾರಿ ಸುರಕ್ಷತಾ ಸಂಸ್ಥೆ, ಅಂದರೆ ಐಐಎಚ್‌ಎಸ್, ಹಲವು ವರ್ಷಗಳ ಅಪಘಾತ ದಾಖಲೆಗಳನ್ನು ಹೋಲಿಸಿ, ತುರ್ತು ಬ್ರೇಕ್ ಇರುವ ಕಾರುಗಳು ಮುಂದಿನ ವಾಹನಕ್ಕೆ ಹಿಂದಿನಿಂದ ಗುದ್ದುವ ಪ್ರಕರಣಗಳು ಸುಮಾರು ಅರ್ಧದಷ್ಟು ಕಡಿಮೆಯಾಗಿವೆ ಎಂದು ಕಂಡುಕೊಂಡಿತು. ಅದೇ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಲೇನ್ ಹಿಡಿಯುವ ಮತ್ತು ವೇಗ ಕಾಯುವ ಜೋಡಿ ನೆರವಿನಿಂದ ಅಪಘಾತ ಕಡಿಮೆಯಾಗಿದೆ ಎನ್ನಲು ಹೇಳಿಕೊಳ್ಳುವಂಥ ಆಧಾರ ಸಿಗಲಿಲ್ಲ. ಅದನ್ನು ಸುರಕ್ಷತೆಯ ಸಾಧನವೆಂದು ಕರೆಯುವ ಬದಲು ಅನುಕೂಲದ ಸಾಧನವೆಂದು ಕರೆಯುವುದು ಸರಿ ಎಂಬ ಅಭಿಪ್ರಾಯಕ್ಕೆ ಸಂಸ್ಥೆ ಬಂದಿತು. ಈ ಅಂಕಿಗಳು ಅಮೆರಿಕದ ರಸ್ತೆಗಳವು, ನಮ್ಮವಲ್ಲ, ನಿಜ. ಆದರೆ 2022ರಲ್ಲಿ 1,68,491 ಮಂದಿಯನ್ನು ರಸ್ತೆಯಲ್ಲಿ ಕಳೆದುಕೊಂಡ ದೇಶಕ್ಕೆ, ಅದರಲ್ಲೂ ಅಪಘಾತಗಳಲ್ಲಿ ಸುಮಾರು ಐದನೇ ಒಂದು ಭಾಗ ಹಿಂದಿನಿಂದ ಬಂದು ಗುದ್ದಿದವುಗಳೇ ಆಗಿರುವ ದೇಶಕ್ಕೆ, ತುರ್ತು ಬ್ರೇಕ್ ಆಫ್ ಆಗಿರುವುದು ಸಣ್ಣ ವಿಷಯವಲ್ಲ.

ಹಾಗಾದರೆ ಅದನ್ನು ಆಫ್ ಮಾಡುವುದೇಕೆ? ಚಾಲಕರು ಅವಿವೇಕಿಗಳೆಂದು ಹೇಳಿ ಮುಗಿಸುವುದು ಸುಲಭ. ಆದರೆ ಅವರ ಕಾರಣಗಳನ್ನು ಒಂದೊಂದಾಗಿ ಕೇಳಿದರೆ ಅವುಗಳಲ್ಲಿ ತೂಕವಿದೆ.

ಐಐಎಚ್‌ಎಸ್ ಸಂಶೋಧಕರು ಹತ್ತು ವರ್ಷಗಳ ಹಿಂದೆ ಒಂದು ಸರಳವಾದ ಕೆಲಸ ಮಾಡಿದ್ದರು. ಜನರನ್ನು ಪ್ರಶ್ನೆ ಕೇಳುವ ಬದಲು, ಸರ್ವಿಸ್‌ಗೆಂದು ಡೀಲರ್‌ಗಳ ಬಳಿ ಬಂದ ಕಾರುಗಳನ್ನು ನೋಡಿ ಯಾವ ಸೌಲಭ್ಯ ಆನ್ ಇದೆ, ಯಾವುದು ಆಫ್ ಇದೆ ಎಂದು ಬರೆದುಕೊಂಡರು. ಮುಂಭಾಗದ ಡಿಕ್ಕಿ ತಪ್ಪಿಸುವ ವ್ಯವಸ್ಥೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಕಾರುಗಳಲ್ಲಿ ಆನ್ ಇತ್ತು. ಲೇನ್ ಎಚ್ಚರಿಕೆ ಮಾತ್ರ ಸುಮಾರು ಅರ್ಧದಷ್ಟು ಕಾರುಗಳಲ್ಲಿ ಆಫ್ ಆಗಿತ್ತು. ಪೀಂಪೀಂ ಎಂದು ಸದ್ದು ಮಾಡುವ ಕಾರುಗಳಿಗಿಂತ, ಸೀಟನ್ನೋ ಸ್ಟಿಯರಿಂಗನ್ನೋ ಮೆಲ್ಲಗೆ ಅದುರಿಸಿ ಎಚ್ಚರಿಸುವ ಕಾರುಗಳಲ್ಲಿ ಲೇನ್ ಎಚ್ಚರಿಕೆ ಹೆಚ್ಚು ಆನ್ ಉಳಿದಿತ್ತು. ಸದ್ದು ಕಾರಿನೊಳಗಿರುವ ಎಲ್ಲರಿಗೂ ಕೇಳುತ್ತದೆ, ಅದುರುವಿಕೆ ಚಾಲಕರಿಗೆ ಮಾತ್ರ ತಿಳಿಯುತ್ತದೆ. ಹೆಂಡತಿ ಮಕ್ಕಳ ಎದುರು, ಅದರಲ್ಲೂ ಹಿಂದಿನ ಸೀಟಿನಲ್ಲಿ ಮಾವನವರು ಕುಳಿತಿರುವಾಗ, ತಮ್ಮ ಚಾಲನೆಯ ತಪ್ಪನ್ನು ಕಾರು ಮತ್ತೆ ಮತ್ತೆ ಕೂಗಿ ಹೇಳುವುದನ್ನು ಯಾರು ಸಹಿಸುತ್ತಾರೆ? ಹೊಸ ತಂತ್ರಜ್ಞಾನವನ್ನು ಜನ ಒಪ್ಪುವುದರ ಹಿಂದೆ ಉಪಯುಕ್ತವೆಂಬ ಭಾವನೆ ಮತ್ತು ಬಳಸಲು ಸುಲಭವೆಂಬ ಭಾವನೆ ಎರಡೂ ಇರಬೇಕೆಂದು ಅಮೆರಿಕದ ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿ ಆಫೀಸಿನ ಕಂಪ್ಯೂಟರ್‌ಗಳನ್ನು ಕುರಿತು ಬರೆದಿದ್ದರು. ಕಾರಿನ ವಿಷಯಕ್ಕೆ ಅವೆರಡು ಸಾಲವು, ಮರ್ಯಾದೆಯನ್ನೂ ಸೇರಿಸಬೇಕು.

ಇನ್ನೊಂದು ಕಾರಣ ನಮ್ಮ ರಸ್ತೆಗಳದು. ಲೇನ್ ಹಿಡಿಯುವ ಕ್ಯಾಮೆರಾ ನೋಡುವುದು ಡಾಂಬರಿನ ಕಪ್ಪಿಗೂ ಬಣ್ಣದ ಗೆರೆಯ ಬಿಳುಪಿಗೂ ಇರುವ ವ್ಯತ್ಯಾಸವನ್ನು. ಗೆರೆ ಮಾಸಿದ್ದರೆ, ಹಳೆಯ ಗೆರೆಯನ್ನು ಪೂರ್ತಿ ಅಳಿಸದೆ ಪಕ್ಕದಲ್ಲೇ ಹೊಸದನ್ನು ಎಳೆದಿದ್ದರೆ, ರಸ್ತೆಯಂಚಿನ ಮಣ್ಣು ಗೆರೆಯ ಮೇಲೆ ಹರಡಿದ್ದರೆ ಅದು ತಡವರಿಸುತ್ತದೆ. ಮಲೆನಾಡಿನ ಮಳೆಯಲ್ಲಿ, ಘಾಟಿಯ ಮಂಜಿನಲ್ಲಿ ಕ್ಯಾಮೆರಾಗೆ ಕಾಣುವುದೇ ಕಡಿಮೆ. ಜತೆಗೆ, ಇಂಡಿಕೇಟರ್ ಹಾಕದೆ ಲೇನ್ ಬದಲಿಸಿದರೆ ಈ ವ್ಯವಸ್ಥೆ ಅದನ್ನು ತಪ್ಪೆಂದೇ ತಿಳಿದು ಸ್ಟಿಯರಿಂಗನ್ನು ಹಿಂದಕ್ಕೆ ಎಳೆಯುತ್ತದೆ. ಗುಂಡಿಯೊಂದನ್ನು ತಪ್ಪಿಸಲು, ಎದುರು ದಿಕ್ಕಿನಿಂದ ಬರುತ್ತಿರುವ ಬೈಕಿಗೆ ದಾರಿ ಬಿಡಲು ಪಕ್ಕಕ್ಕೆ ಸರಿಯುವ ಚಾಲಕರಿಗೆ ಇಂಡಿಕೇಟರ್ ಹಾಕಲು ಸಮಯವಾದರೂ ಎಲ್ಲಿರುತ್ತದೆ? ಆ ಕ್ಷಣದಲ್ಲಿ ಸ್ಟಿಯರಿಂಗ್ ತಮ್ಮ ಕೈಗೆ ವಿರುದ್ಧವಾಗಿ ಜಗ್ಗಿದ ಅನುಭವ ಒಮ್ಮೆ ಆದರೆ ಸಾಕು, ಆ ಸೌಲಭ್ಯಕ್ಕೆ ಅವರು ಶಾಶ್ವತವಾಗಿ ಬೀಗ ಹಾಕುತ್ತಾರೆ.

ತುರ್ತು ಬ್ರೇಕಿನ ಕಥೆಯೂ ಹೀಗೇ. ರಾಡಾರ್ ಮುಂದಿನ ವಸ್ತುವಿನ ದೂರವನ್ನೂ ಅದು ಹತ್ತಿರವಾಗುತ್ತಿರುವ ವೇಗವನ್ನೂ ಅಳೆದು, ಇನ್ನೆಷ್ಟು ಹೊತ್ತಿಗೆ ಡಿಕ್ಕಿಯಾದೀತು ಎಂದು ಲೆಕ್ಕ ಹಾಕುತ್ತದೆ. ನಮ್ಮ ನಗರಗಳಲ್ಲಿ ಎರಡು ವಾಹನಗಳ ನಡುವಿನ ಗೇಣು ಜಾಗಕ್ಕೂ ಒಂದು ಆಟೋ ಅಥವಾ ಸ್ಕೂಟರ್ ನುಗ್ಗುತ್ತದೆ. ಅದು ನುಗ್ಗುತ್ತದೆಂದು ಚಾಲಕರಿಗೆ ಮುಂಚೆಯೇ ಗೊತ್ತು, ಸವಾರನ ಭುಜ ವಾಲಿದ ರೀತಿಯಲ್ಲೇ ಅವರು ಅದನ್ನು ಓದಿರುತ್ತಾರೆ. ಯಂತ್ರಕ್ಕೆ ಆ ಓದು ಇಲ್ಲ. ಅದು ಗಕ್ಕನೆ ಬ್ರೇಕ್ ಹಾಕಿದರೆ ಹಿಂದೆ ಅಂಟಿಕೊಂಡೇ ಬರುತ್ತಿರುವ ಟ್ಯಾಕ್ಸಿ ಅಥವಾ ಬಸ್ಸು ಬಂದು ಗುದ್ದೀತೆಂಬ ಭಯ ಸಹಜವಾದದ್ದೇ. ಕ್ರೂಸ್ ಕಂಟ್ರೋಲ್ ಬಿಟ್ಟುಕೊಡುವ ಅಂತರವೂ ಇಲ್ಲಿ ಅಂತರವಾಗಿ ಉಳಿಯುವುದಿಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಒಂದೂವರೆ ಸೆಕೆಂಡಿನ ಅಂತರವೆಂದರೆ ಸುಮಾರು 33 ಮೀಟರ್. ಅಷ್ಟು ಖಾಲಿ ಜಾಗ ಕಂಡರೆ ಇನ್ನೊಂದು ಕಾರು ಬಂದು ಸೇರಿಕೊಳ್ಳುತ್ತದೆ, ನಮ್ಮ ಕಾರು ಮತ್ತೆ ಹಿಂದೆ ಸರಿಯುತ್ತದೆ, ಮತ್ತೊಂದು ಬಂದು ಸೇರುತ್ತದೆ. ಸುಳ್ಳು ಎಚ್ಚರಿಕೆಗಳು ಹೀಗೆ ಪದೇ ಪದೇ ಬಂದಾಗ ‘ಹುಲಿ ಬಂತು ಹುಲಿ’ ಎಂದು ಕೂಗಿದ ಹುಡುಗನ ಗತಿಯೇ ಯಂತ್ರಕ್ಕೂ ಆಗುತ್ತದೆ.

ಇದು ಭಾರತದ ರಸ್ತೆಯನ್ನು ಯಂತ್ರಕ್ಕೆ ಕಲಿಸದೆ ತಂದ ತಪ್ಪು ಎಂದು ಭಾಗಶಃ ಹೇಳಬಹುದು. ಹೈದರಾಬಾದಿನ ಐಐಐಟಿ ಸಂಶೋಧಕರು 2018ರಲ್ಲಿ ಹೈದರಾಬಾದ್, ಬೆಂಗಳೂರು ಮತ್ತು ಅವುಗಳ ಹೊರವಲಯದಲ್ಲಿ ಕಾರು ಓಡಿಸಿ ತೆಗೆದ ಸುಮಾರು 10,000 ಚಿತ್ರಗಳ ದತ್ತಾಂಶ ಸಂಗ್ರಹವನ್ನು ಪ್ರಕಟಿಸಿದಾಗ ಆಟೋರಿಕ್ಷಾ, ರಸ್ತೆಗೆ ಬಂದ ಪ್ರಾಣಿ, ಡಾಂಬರಿನ ಪಕ್ಕದ ಓಡಿಸಬಹುದಾದ ಮಣ್ಣುಹಾದಿ ಇವೆಲ್ಲ ಪ್ರತ್ಯೇಕ ವರ್ಗಗಳಾಗಿ ಅದರಲ್ಲಿ ಸೇರಿದ್ದವು. ಅದಕ್ಕೂ ಮೊದಲು ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿದ್ದದ್ದು ಯುರೋಪಿನ ನಗರಗಳ ಚಿತ್ರಗಳ ಸಂಗ್ರಹ. ಚಾಲನಾ ನೆರವಿನ ತಂತ್ರಾಂಶದ ಎಷ್ಟೋ ಭಾಗ ಬೆಂಗಳೂರಿನಲ್ಲಿಯೇ ಸಿದ್ಧವಾಗುತ್ತದೆ. ಬಾಷ್, ಮರ್ಸಿಡಿಸ್ ಬೆಂಜ್‌ಗಳಂಥ ಕಂಪನಿಗಳ ದೊಡ್ಡ ಸಂಶೋಧನಾ ಕೇಂದ್ರಗಳು ಇಲ್ಲಿವೆ, ಅಲ್ಲಿ ಕೆಲಸ ಮಾಡುವ ನೂರಾರು ಕನ್ನಡಿಗ ಎಂಜಿನಿಯರ್‌ಗಳು ಬೆಳಿಗ್ಗೆ ಸಂಜೆ ಹಾದುಹೋಗುವ ರಸ್ತೆಯೇ ಆ ತಂತ್ರಾಂಶಕ್ಕೆ ಅತಿ ಕಠಿಣವಾದ ಪರೀಕ್ಷೆ. ಆ ಅನುಭವ ಇಲ್ಲಿ ಮಾರುವ ಕಾರುಗಳ ಹೊಂದಾಣಿಕೆಯಲ್ಲಿ ಇನ್ನೂ ಹೆಚ್ಚಾಗಿ ಕಾಣಬೇಕು.

ಮೂರನೆಯ ಕಾರಣವನ್ನು ಪಶ್ಚಿಮದ ಅಧ್ಯಯನಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಅಲ್ಲಿ ಕಾರು ಕೊಂಡವರೇ ಓಡಿಸುತ್ತಾರೆ. ನಮ್ಮಲ್ಲಿ ಹಾಗಲ್ಲ. ದುಬಾರಿ ಕಾರುಗಳನ್ನು ಬಹಳ ಕಡೆ ಸಂಬಳದ ಚಾಲಕರು ಓಡಿಸುತ್ತಾರೆ. ಯೆಲ್ಲೋ ಬೋರ್ಡಿನ ಕಾರುಗಳಲ್ಲಂತೂ ಮಾಲೀಕರು ಒಬ್ಬರು, ಓಡಿಸುವವರು ಇನ್ನೊಬ್ಬರು. ಡೆಲಿವರಿ ದಿನ ಶೋರೂಮಿನ ಹುಡುಗ ಪರದೆಯ ಮೇಲೆ ಬೆರಳಾಡಿಸಿ ಅಡಾಸ್ ವಿವರಿಸುವುದು ಮಾಲೀಕರಿಗೆ, ಅದೂ ಹತ್ತು ಹದಿನೈದು ನಿಮಿಷ, ಅವರ ಗಮನ ಪೂಜೆಯ ಕಡೆಗೂ ಫೋಟೋದ ಕಡೆಗೂ ಇರುವಾಗ. ಮರುದಿನ ಸ್ಟಿಯರಿಂಗ್ ಹಿಡಿಯುವವರಿಗೆ ಅದನ್ನು ಹೇಳಿಕೊಟ್ಟವರು ಯಾರೂ ಇಲ್ಲ. ಕೈಪಿಡಿ ಇಂಗ್ಲಿಷಿನಲ್ಲಿದೆ. ಇಪ್ಪತ್ತು ವರ್ಷ ಲಾರಿಯನ್ನೂ ಟೆಂಪೋವನ್ನೂ ಓಡಿಸಿ ಪಳಗಿದ ಕೈಯನ್ನು ಅರಿಯದ ಯಂತ್ರವೊಂದು ತಿದ್ದಲು ಬಂದರೆ, ಆಫ್ ಮಾಡುವ ಬಟನ್ ಎಲ್ಲಿದೆಯೆಂದು ಅವರು ಮೊದಲು ಹುಡುಕುವುದರಲ್ಲಿ ಆಶ್ಚರ್ಯವಿಲ್ಲ. ಸಾಹೇಬರು ಹಣ ಕೊಟ್ಟು ಕೊಂಡ ಸುರಕ್ಷತೆ ಆ ಬಟನ್‌ನೊಂದಿಗೆ ಮುಗಿಯುತ್ತದೆ. ಹಿಂದೆ ಕುಳಿತ ಅವರಿಗೆ ಅದು ತಿಳಿಯುವುದೂ ಇಲ್ಲ.

ಇಷ್ಟು ಹೊತ್ತು ಹೇಳಿದ್ದು ನಂಬಿಕೆ ಕಡಿಮೆಯಾದುದರ ಕಥೆ. ನನಗೆ ಹೆಚ್ಚು ಕಳವಳ ತರುವುದು ಇದರ ಇನ್ನೊಂದು ಮುಖ.

ಖಾಲಿ ಹೆದ್ದಾರಿಯಲ್ಲಿ ಸ್ಟಿಯರಿಂಗ್ ಬಿಟ್ಟು ಎರಡೂ ಕೈ ಮೇಲೆತ್ತಿ ತೋರಿಸುವ, ಚಾಲಕರ ಸೀಟಿನಿಂದ ಎದ್ದು ಪಕ್ಕಕ್ಕೆ ಕೂರುವ ದೃಶ್ಯಗಳು ಸಾಮಾಜಿಕ ಜಾಲತಾಣಗಳಲ್ಲಿ ಮತ್ತೆ ಮತ್ತೆ ಹರಿದಾಡಿವೆ. ಕೈ ಇದೆಯೇ ಇಲ್ಲವೇ ಎಂದು ಅನೇಕ ಕಾರುಗಳು ತಿಳಿಯುವುದು ಸ್ಟಿಯರಿಂಗ್ ಮೇಲೆ ಬೀಳುವ ಸಣ್ಣ ಒತ್ತಡದಿಂದ. ಅಲ್ಲಿ ನೀರಿನ ಬಾಟಲಿ ಸಿಕ್ಕಿಸಿ ಯಂತ್ರಕ್ಕೆ ಮೋಸ ಮಾಡುವ ಉಪಾಯವೂ ಪ್ರಚಾರದಲ್ಲಿದೆ. ಇದು ನಮ್ಮವರದೇ ದೋಷವಲ್ಲ. 2022ರಲ್ಲಿ ಐಐಎಚ್‌ಎಸ್ ನಡೆಸಿದ ಸಮೀಕ್ಷೆಯಲ್ಲಿ, ಜನರಲ್ ಮೋಟರ್ಸ್‌ನ ‘ಸೂಪರ್ ಕ್ರೂಸ್’ ಬಳಸುವವರಲ್ಲಿ ಶೇ. 53, ಟೆಸ್ಲಾದ ‘ಆಟೋಪೈಲಟ್’ ಬಳಸುವವರಲ್ಲಿ ಶೇ. 42 ಮಂದಿ ತಮ್ಮ ಕಾರನ್ನು ಪೂರ್ತಿ ತಾನೇ ಓಡುವ ಕಾರಿನಂತೆ ಬಳಸಲು ಹಿಂಜರಿಕೆಯಿಲ್ಲ ಎಂದಿದ್ದರು. ನಿಸ್ಸಾನ್‌ನ ‘ಪ್ರೊಪೈಲಟ್’ ಬಳಸುವವರಲ್ಲಿ ಹಾಗೆಂದವರು ಶೇ. 12. ಮೂರೂ ಒಂದೇ ಎರಡನೆಯ ಹಂತದ ವ್ಯವಸ್ಥೆಗಳು. ಅಂದರೆ ನಂಬಿಕೆಯ ಪ್ರಮಾಣ ಬರೀ ಯಂತ್ರದ ಹಂತವನ್ನು ನೋಡಿ ಹುಟ್ಟುವುದಿಲ್ಲ. ವಿನ್ಯಾಸ, ಜಾಹೀರಾತು, ಕೊಳ್ಳುವವರ ಸ್ವಭಾವ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ.

ಮನುಷ್ಯನನ್ನು ಕಾವಲಿಗೆ ಕೂರಿಸುವುದೇ ಮೂಲದ ತೊಡಕು, ಇದು ಬಹಳ ಹಿಂದೆಯೇ ತಿಳಿದದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ವಾಯುಪಡೆಯ ರಾಡಾರ್ ಸಿಬ್ಬಂದಿ ಪರದೆಯ ಮೇಲೆ ಮೂಡುವ ಜಲಾಂತರ್ಗಾಮಿಯ ಗುರುತುಗಳನ್ನು ಕಾಣದೆ ಹೋಗುತ್ತಿದ್ದರು. ಕಾರಣ ಹುಡುಕಿದ ನಾರ್ಮನ್ ಮ್ಯಾಕ್‌ವರ್ತ್, ಗಡಿಯಾರದ ಮುಳ್ಳಿನಂಥ ಒಂದು ಮುಳ್ಳನ್ನು ಎರಡು ಗಂಟೆ ಕಾಲ ನೋಡುತ್ತ ಕುಳಿತು ಅದು ಎಂದಾದರೊಮ್ಮೆ ಎರಡು ಪಟ್ಟು ಜಿಗಿಯುವುದನ್ನು ಗುರುತಿಸುವ ಪರೀಕ್ಷೆ ಮಾಡಿ, ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲಿಯೇ ಗುರುತಿಸುವ ಶಕ್ತಿ ಕುಗ್ಗುತ್ತದೆಂದು ತೋರಿಸಿದರು. ಪರೀಕ್ಷೆಗೆ ಕುಳಿತವರು ಸೋಮಾರಿಗಳಾಗಿರಲಿಲ್ಲ, ತರಬೇತಿ ಪಡೆದ ಸೈನಿಕರು. 1983ರಲ್ಲಿ ಲಿಸಾನ್ ಬೈನ್‌ಬ್ರಿಡ್ಜ್ ಎಂಬ ಮನಶ್ಶಾಸ್ತ್ರಜ್ಞೆ ಕಾರ್ಖಾನೆಗಳ ಸ್ವಯಂಚಾಲನೆಯನ್ನು ಕುರಿತು ಬರೆಯುತ್ತ ಇದನ್ನು ಮುಂದುವರಿಸಿದರು: ಸುಲಭವಾದ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟು, ಯಂತ್ರಕ್ಕೆ ಆಗದ ಅತಿ ಕಷ್ಟದ ಗಳಿಗೆಯನ್ನು ಮಾತ್ರ ಮನುಷ್ಯನಿಗೆ ಉಳಿಸುತ್ತೇವೆ, ಆ ಗಳಿಗೆಗೆ ಬೇಕಾದ ಅಭ್ಯಾಸವನ್ನು ಮಾತ್ರ ಅವನಿಂದ ಕಿತ್ತುಕೊಂಡಿರುತ್ತೇವೆ.

ಹೆದ್ದಾರಿಯಲ್ಲಿ ಇದು ಎಷ್ಟು ಬೇಗ ಆಗುತ್ತದೆಂಬುದಕ್ಕೆ ಐಐಎಚ್‌ಎಸ್ ಮತ್ತು ಎಂಐಟಿ ಸಂಶೋಧಕರು ಮ್ಯಾಸಚುಸೆಟ್ಸ್‌ನ 20 ಚಾಲಕರಿಗೆ ಕಾರು ಕೊಟ್ಟು ಒಂದು ತಿಂಗಳು ಗಮನಿಸಿದ ಅಧ್ಯಯನ ಸಾಕ್ಷಿ. ಶುರುವಿನಲ್ಲಿ ಎಚ್ಚರದಿಂದಿದ್ದವರು, ತಿಂಗಳ ಕೊನೆಗೆ ಲೇನ್ ಹಿಡಿಯುವ ನೆರವು ಬಳಸುವಾಗ ಗಮನ ತಪ್ಪುವ ಲಕ್ಷಣಗಳನ್ನು ತೋರುವ ಸಂಭವ ಎರಡು ಪಟ್ಟಿಗೂ ಹೆಚ್ಚಾಗಿತ್ತು. 2016ರ ಮೇ ತಿಂಗಳಿನಲ್ಲಿ ಫ್ಲೋರಿಡಾದ ಹೆದ್ದಾರಿಯಲ್ಲಿ ಅಡ್ಡ ದಾಟುತ್ತಿದ್ದ ಟ್ರಕ್ಕಿಗೆ ಟೆಸ್ಲಾ ಕಾರೊಂದು ಗುದ್ದಿ ಚಾಲಕ ಮೃತಪಟ್ಟ ಪ್ರಕರಣದಲ್ಲಿ, ಸ್ಟಿಯರಿಂಗ್ ಹಿಡಿದಿರಬೇಕಿದ್ದ 37 ನಿಮಿಷಗಳಲ್ಲಿ ಕೈ ಇದ್ದದ್ದು ಒಟ್ಟು 25 ಸೆಕೆಂಡು ಎಂದು ತನಿಖೆಯ ದಾಖಲೆಗಳು ತೋರಿಸಿದವು. 2025ರ ಮಾರ್ಚ್ ಕೊನೆಯಲ್ಲಿ ಚೀನಾದ ಆನ್ಹುಯ್ ಪ್ರಾಂತ್ಯದ ಹೆದ್ದಾರಿಯಲ್ಲಿ, ಗಂಟೆಗೆ 116 ಕಿ.ಮೀ. ವೇಗದಲ್ಲಿ ನೆರವಿನ ಚಾಲನೆಯಲ್ಲಿದ್ದ ಶಿಯೋಮಿ ಕಾರು ಕಾಮಗಾರಿಗೆಂದು ಬದಲಿಸಿದ್ದ ದಾರಿಯಲ್ಲಿ ಕಾಂಕ್ರೀಟ್ ತಡೆಗೆ ಅಪ್ಪಳಿಸಿ ಮೂವರು ವಿದ್ಯಾರ್ಥಿನಿಯರು ಸತ್ತರು. ಕಂಪನಿಯೇ ಕೊಟ್ಟ ವಿವರದ ಪ್ರಕಾರ ಯಂತ್ರದ ಎಚ್ಚರಿಕೆಗೂ ಡಿಕ್ಕಿಗೂ ನಡುವೆ ಇದ್ದದ್ದು ಕೆಲವೇ ಸೆಕೆಂಡು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಪ್ರತಿ ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ ಎಂಬುದನ್ನು ನೆನೆದರೆ, ಫೋನಿನಿಂದ ತಲೆ ಎತ್ತಿ, ಏನಾಗುತ್ತಿದೆಯೆಂದು ಅರಿತು, ಕಾಲನ್ನು ಬ್ರೇಕಿಗೆ ಒಯ್ಯುವಷ್ಟರಲ್ಲಿ ಎಷ್ಟು ದೂರ ಕಳೆದಿರುತ್ತದೆಂದು ಊಹಿಸಬಹುದು.

ನಮ್ಮ ಹೆದ್ದಾರಿಗೆ ಇದರಲ್ಲಿ ಇನ್ನೂ ಒಂದು ಅಪಾಯವಿದೆ, ಇದನ್ನು ಪ್ರತಿಯೊಬ್ಬ ಅಡಾಸ್ ಬಳಕೆದಾರರೂ ತಿಳಿದಿರಬೇಕು. ರಸ್ತೆಯ ಫಲಕ, ಸೇತುವೆಯ ಕಂಬ, ಡಿವೈಡರ್‌ನ ಕಬ್ಬಿಣ ಎಲ್ಲದರಿಂದಲೂ ರಾಡಾರ್‌ಗೆ ಪ್ರತಿಧ್ವನಿ ಬರುತ್ತದೆ. ಇವಕ್ಕೆಲ್ಲ ಬ್ರೇಕ್ ಹಾಕುತ್ತ ಹೋದರೆ ಕಾರು ಮುಂದೆ ಹೋಗುವುದೇ ಇಲ್ಲ. ಆದ್ದರಿಂದ ಹೆಚ್ಚಿನ ವೇಗದಲ್ಲಿ ಅನೇಕ ವ್ಯವಸ್ಥೆಗಳು ನಿಂತ ವಸ್ತುಗಳಿಗೆ ಕಡಿಮೆ ಬೆಲೆ ಕೊಡುತ್ತವೆ, ಮುಂದೆ ಚಲಿಸುತ್ತಿರುವ ವಾಹನವನ್ನು ಮಾತ್ರ ಚೆನ್ನಾಗಿ ಹಿಂಬಾಲಿಸುತ್ತವೆ. ರಾತ್ರಿ ಹೊತ್ತು ಹಿಂದಿನ ದೀಪವೂ ಇಲ್ಲದೆ, ಪ್ರತಿಫಲಕವೂ ಇಲ್ಲದೆ, ಟೈರಿನ ಹಿಂದೆ ಒಂದು ಕಲ್ಲು ಇಟ್ಟು ರಸ್ತೆಯಲ್ಲೇ ನಿಲ್ಲಿಸಿದ ಲಾರಿ ಕರ್ನಾಟಕದ ಯಾವ ಹೆದ್ದಾರಿಯಲ್ಲಿ ಇಲ್ಲ? ಅಂಥ ಲಾರಿಗಳಿಗೆ ಕಾರು ಗುದ್ದಿ ಇಡೀ ಕುಟುಂಬಗಳೇ ಹೋದ ಸುದ್ದಿಯನ್ನು ನಾವು ಆಗಾಗ ಓದುತ್ತೇವೆ. ಚಾಲಕರು ನಿಶ್ಚಿಂತರಾಗಿ ನೆರವಿಗೆ ಕಾರನ್ನು ಒಪ್ಪಿಸುವುದು ರಾತ್ರಿಯ ಖಾಲಿ ಹೆದ್ದಾರಿಯಲ್ಲಿ. ನೆರವಿಗೆ ಗುರುತಿಸಲು ಅತಿ ಕಷ್ಟವಾದ ವಸ್ತು ನಿಂತಿರುವುದೂ ಅಲ್ಲಿಯೇ.

ಸಂಶೋಧಕರಾದ ರಾಜಾ ಪರಶುರಾಮನ್ ಮತ್ತು ವಿಕ್ಟರ್ ರೈಲಿ 1997ರಲ್ಲಿ ಬರೆದ ಪ್ರಬಂಧದಲ್ಲಿ ಸ್ವಯಂಚಾಲನೆಯನ್ನು ಅತಿಯಾಗಿ ನೆಚ್ಚುವುದು ಮತ್ತು ಬಳಸಬೇಕಾದಲ್ಲಿ ಬಿಟ್ಟುಬಿಡುವುದು ಎರಡನ್ನೂ ಹೆಸರಿಸಿ, ಮೂರನೆಯದೊಂದನ್ನು ಸೇರಿಸಿದ್ದರು: ಬಳಸುವ ಮನುಷ್ಯನ ಮೇಲೆ ಆಗುವ ಪರಿಣಾಮವನ್ನು ಯೋಚಿಸದೆಯೇ ತಯಾರಕರು ಮತ್ತು ಸಂಸ್ಥೆಗಳು ಸ್ವಯಂಚಾಲನೆಯನ್ನು ಹೇರುವುದು. ಮೊದಲಿನ ಎರಡಕ್ಕೆ ಚಾಲಕರನ್ನು ದೂರುವವರು ಮೂರನೆಯದನ್ನು ಮರೆಯುತ್ತಾರೆ. ಇತ್ತೀಚೆಗೆ ಕಾನೂನುಗಳು ಅದನ್ನು ನೆನಪಿಸಿಕೊಳ್ಳತೊಡಗಿವೆ. 2023ರ ಡಿಸೆಂಬರ್‌ನಲ್ಲಿ ಅಮೆರಿಕ ಸರಕಾರದ ಹೆದ್ದಾರಿ ಸುರಕ್ಷತಾ ಆಡಳಿತದ ತನಿಖೆಯ ನಂತರ ಟೆಸ್ಲಾ ತನ್ನ 20 ಲಕ್ಷಕ್ಕೂ ಹೆಚ್ಚು ಕಾರುಗಳಲ್ಲಿ ಚಾಲಕರ ಗಮನವನ್ನು ಕಾಯುವ ವ್ಯವಸ್ಥೆಯನ್ನು ಬಿಗಿ ಮಾಡಬೇಕಾಯಿತು. 2024ರ ಮಾರ್ಚ್‌ನಲ್ಲಿ ಐಐಎಚ್‌ಎಸ್ 14 ವ್ಯವಸ್ಥೆಗಳ ಇಂಥ ಕಾವಲನ್ನು ಪರೀಕ್ಷಿಸಿದಾಗ 11 ಕಳಪೆ ಎನಿಸಿಕೊಂಡವು. ಬ್ರಿಟನ್ನಿನ 2024ರ ಸ್ವಯಂಚಾಲಿತ ವಾಹನಗಳ ಕಾಯಿದೆ, ಅನುಮತಿಯಿಲ್ಲದ ವಾಹನವನ್ನು ತಾನೇ ಓಡುವ ವಾಹನವೆಂದು ನಂಬಿಸುವ ಜಾಹೀರಾತನ್ನು ಅಪರಾಧವನ್ನಾಗಿಸಿದೆ. ಆನ್ಹುಯ್ ಅಪಘಾತದ ಮರು ತಿಂಗಳಲ್ಲೇ ಚೀನಾ ಸರಕಾರವೂ ಕಂಪನಿಗಳನ್ನು ಕರೆಸಿ ಅಂಥ ಪದಬಳಕೆಗೆ ತಡೆ ಹಾಕಿತು. ಜರ್ಮನಿಯಲ್ಲಿ 2022ರಿಂದ ಮಾರಾಟವಾದ ಮರ್ಸಿಡಿಸ್‌ನ ಮೂರನೆಯ ಹಂತದ ವ್ಯವಸ್ಥೆ ಆರಂಭದಲ್ಲಿ ಗಂಟೆಗೆ 60 ಕಿ.ಮೀ. ಮೀರದ ದಟ್ಟಣೆಯಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು, ಆದರೆ ಅಷ್ಟು ಹೊತ್ತು ಚಾಲನೆಯ ಹೊಣೆಯನ್ನು ಕಂಪನಿ ಹೊರುತ್ತಿತ್ತು. ನಂಬಿಕೆ ಕೇಳುವವರು ಹೊಣೆಯನ್ನೂ ಹೊರುವುದು ನ್ಯಾಯ. ಭಾರತದಲ್ಲಿ ಮಾರುವ ಯಾವ ಎರಡನೆಯ ಹಂತದ ಕಾರಿನಲ್ಲೂ ಆ ಹೊಣೆ ಚಾಲಕರ ತಲೆಯ ಮೇಲೆಯೇ ಇದೆ, ಶೋರೂಮಿನಲ್ಲಿ ಅದನ್ನು ಯಾರೂ ಒತ್ತಿ ಹೇಳುವುದಿಲ್ಲ.

ಇಲ್ಲಿ ಆಗಬೇಕಾದ ಕೆಲಸಗಳು ದೊಡ್ಡವೇನಲ್ಲ. ತುರ್ತು ಬ್ರೇಕನ್ನೂ ಲೇನ್ ಹಿಡಿಯುವ ನೆರವನ್ನೂ ಒಂದೇ ಬಟನ್‌ಗೆ ಕಟ್ಟಬಾರದು. ಯುರೋಪಿನಲ್ಲಿ 2024ರ ಜುಲೈಯಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಗಿರುವ ತುರ್ತು ಬ್ರೇಕಿನಂತೆ ಪ್ರತಿ ಬಾರಿ ಕಾರು ಸ್ಟಾರ್ಟ್ ಮಾಡಿದಾಗಲೂ ನಮ್ಮ ತುರ್ತು ಬ್ರೇಕೂ ಆನ್ ಸ್ಥಿತಿಗೆ ಮರಳಬೇಕು. ಜೋಡಿ ನೆರವು ಇರುವ ಕಾರಿನಲ್ಲಿ ಚಾಲಕರ ಕಣ್ಣನ್ನು ಗಮನಿಸುವ ಕ್ಯಾಮೆರಾ ಇರಲೇಬೇಕು, ಬಾಟಲಿಯಿಂದ ಮೋಸ ಹೋಗುವ ಒತ್ತಡದ ಅಳತೆ ಸಾಲದು. ಪರದೆಯ ಎಚ್ಚರಿಕೆ ಕನ್ನಡದಲ್ಲಿ ಬರಬೇಕು, ಓಡಿಸುವವರನ್ನೇ ಕೂರಿಸಿಕೊಂಡು ಅರ್ಧ ಗಂಟೆ ರಸ್ತೆಯಲ್ಲಿ ತೋರಿಸಿಕೊಡುವುದು ಡೆಲಿವರಿಯ ಭಾಗವಾಗಬೇಕು. ಕಾರುಗಳ ಸುರಕ್ಷತೆಗೆ ಅಂಕ ಕೊಡಲು 2023ರಲ್ಲಿ ಬಂದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯ ಮೊದಲ ರೂಪದಲ್ಲಿ ಈ ನೆರವುಗಳಿಗೆ ಅಂಕವಿರಲಿಲ್ಲ. ಸುಳ್ಳು ಎಚ್ಚರಿಕೆ ಎಷ್ಟು ಸಲ ಬರುತ್ತದೆ ಎಂಬುದನ್ನೂ ಸೇರಿಸಿ, ನಮ್ಮದೇ ಆಟೋ ಮತ್ತು ದ್ವಿಚಕ್ರ ವಾಹನಗಳನ್ನು ಎದುರಿಟ್ಟು ಪರೀಕ್ಷಿಸಿದರೆ ಕೊಳ್ಳುವವರಿಗೆ ಹೋಲಿಸಿ ನೋಡಲು ಏನಾದರೂ ಸಿಗುತ್ತದೆ. 2022ರಲ್ಲಿ ಸತ್ತವರಲ್ಲಿ ಶೇ. 44.5 ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು ಎಂಬುದನ್ನು ನೆನೆದರೆ ಇದು ಕಾರಿನೊಳಗಿನವರ ಸುರಕ್ಷತೆಯ ಮಾತಷ್ಟೇ ಅಲ್ಲ.

ಮುಂದಿನ ದಿನಗಳಲ್ಲಿ ಈ ಪ್ರಶ್ನೆ ಕಾರು ಕೊಳ್ಳುವವರನ್ನು ದಾಟಿ ಹೋಗಲಿದೆ. ಚಾಲಕರಿಲ್ಲದ ಕಾರುಗಳನ್ನು ದೇಶಕ್ಕೆ ಬಿಡುವುದಿಲ್ಲ, ಲಕ್ಷಾಂತರ ಚಾಲಕರ ಕೆಲಸ ಹೋಗುತ್ತದೆ ಎಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ 2023ರಲ್ಲಿ ಸ್ಪಷ್ಟವಾಗಿ ಹೇಳಿದ್ದರು. ಆದರೆ ಚಾಲಕರಿರುವ ವಾಹನಗಳ ನೆರವಿನ ವಿಷಯದಲ್ಲಿ ಅವರ ಸಚಿವಾಲಯ ಬೇರೆ ದಾರಿ ಹಿಡಿದಿದೆ. 2021ರಲ್ಲಿ ನಾಗ್ಪುರದ ನಗರ ಬಸ್ಸುಗಳಿಗೆ ಡಿಕ್ಕಿ ಎಚ್ಚರಿಕೆಯ ಸಾಧನ ಜೋಡಿಸುವ ‘ಐರಾಸ್ತೆ’ ಯೋಜನೆ ಶುರುವಾಯಿತು. 2025ರ ಮಾರ್ಚ್‌ನಲ್ಲಿ ಸಚಿವಾಲಯ ಹೊರಡಿಸಿದ ಕರಡು ಅಧಿಸೂಚನೆ, ಬಸ್ಸು ಮತ್ತು ಲಾರಿಗಳ ಹೊಸ ಮಾದರಿಗಳಲ್ಲಿ 2026ರ ಏಪ್ರಿಲ್‌ನಿಂದ ತುರ್ತು ಬ್ರೇಕ್, ಲೇನ್ ಎಚ್ಚರಿಕೆ ಮತ್ತು ತೂಕಡಿಕೆಯ ಎಚ್ಚರಿಕೆ ಇರಬೇಕೆಂದು ಸೂಚಿಸಿತು. ಕಾವಲಿನ ಬಗೆಯ ಸೌಲಭ್ಯಗಳನ್ನೇ ಆರಿಸಿರುವುದು ಸರಿಯಾದ ಹೆಜ್ಜೆ ಎಂದು ನಾನು ನಂಬುತ್ತೇನೆ. ಅವುಗಳನ್ನು ಬಳಸಬೇಕಾದವರನ್ನು ಕೇಳಿದವರು ಮಾತ್ರ ಕಡಿಮೆ.

ಬೆಳಗಿನ ಜಾವ ಮೂರು ಗಂಟೆಗೆ ತುಮಕೂರು ದಾಟಿ ಚಿತ್ರದುರ್ಗದ ಕಡೆಗೆ ಹೋಗುತ್ತಿರುವ ಲಾರಿಯಲ್ಲಿ ತೂಕಡಿಕೆಯ ಎಚ್ಚರಿಕೆ ಕೂಗಿತು ಎಂದುಕೊಳ್ಳೋಣ. ಅದು ಸುಳ್ಳು ಎಚ್ಚರಿಕೆಯಲ್ಲ, ಚಾಲಕರಿಗೆ ನಿಜವಾಗಿಯೂ ನಿದ್ದೆ ಬರುತ್ತಿದೆ. 2025ರವರೆಗೆ ಜಾರಿಯಲ್ಲಿದ್ದ ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯಿದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎನ್ನುತ್ತಿತ್ತು. ಅವರು ಎಷ್ಟು ಹೊತ್ತಿನಿಂದ ಓಡಿಸುತ್ತಿದ್ದಾರೆಂಬುದು ಅವರಿಗೂ ಕ್ಲೀನರ್‌ಗೂ ಗೊತ್ತು. ಲಾರಿಯನ್ನು ಸುರಕ್ಷಿತವಾಗಿ ನಿಲ್ಲಿಸಿ ಒಂದು ಗಂಟೆ ಮಲಗಲು ಹತ್ತಿರದಲ್ಲಿ ಜಾಗ ಬೇಕು, ಬೆಳಗಾಗುವಷ್ಟರಲ್ಲಿ ಮಾಲು ಮುಟ್ಟದಿದ್ದರೂ ಬಾಡಿಗೆ ಹಿಡಿಯುವುದಿಲ್ಲ ಎಂಬ ಭರವಸೆ ಬೇಕು, ಎಷ್ಟು ಸಲ ತೂಕಡಿಸಿದರು ಎಂಬ ಲೆಕ್ಕ ಮಾಲೀಕರ ಫೋನಿಗೆ ಹೋಗಿ ಕೆಲಸಕ್ಕೆ ಕುತ್ತು ಬರುವುದಿಲ್ಲ ಎಂಬ ಧೈರ್ಯ ಬೇಕು. ಈ ಮೂರೂ ಇದ್ದರೆ ಅವರು ಲಾರಿ ನಿಲ್ಲಿಸುತ್ತಾರೆ. ಇಲ್ಲದಿದ್ದರೆ ಮುಂದಿನ ಡಾಬಾದಲ್ಲಿ ಒಂದು ಟೀ ಕುಡಿದು, ಆ ಸಾಧನದ ವೈರ್ ಯಾವುದೆಂದು ಕ್ಲೀನರ್‌ಗೆ ಹುಡುಕಲು ಹೇಳುತ್ತಾರೆ.